ತಕ್ಕಡಿಯಲ್ಲಿ ತೂಗಿದ ಎಂಟು ಆಯುಧಗಳು

ಗದಗಿನಲ್ಲಿ ಮೌನೇಶ ಪತ್ತಾರನೆಂಬ ಅಕ್ಕಸಾಲಿಗನಿದ್ದ. ಕೈ ಒಳ್ಳೆಯದು, ಕಣ್ಣು ಚುರುಕು, ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ. ಮಾಡಿ ಮುಗಿಸಿದ ಉಂಗುರವನ್ನು ಗಿರಾಕಿ ಬೆರಳಿಗೆ ಹಾಕಿಕೊಂಡ ಮೇಲೂ ಒಂದು ನಿಮಿಷ ಕೊಡಿ ಎಂದು ಇಸಿದುಕೊಂಡು ಇನ್ನೊಂದು ಸಲ ಅರದಿಂದ ಉಜ್ಜುತ್ತಿದ್ದ. ಇಂಥವರು ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ. ಗೋಡೆಯ ಮೇಲಿನ ಫೋಟೊ ವಾಲಿದೆಯೆಂದು ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ, ಕೊನೆಗೆ ಮೊಳೆಯನ್ನೇ ಕಿತ್ತು ಕೈಯಲ್ಲಿ ಹಿಡಿದು ನಿಲ್ಲುವವರು. ನಾನೂ ಆ ಜಾತಿಯವನೇ. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೌನೇಶನಿಗೆ ವಯಸ್ಸು ನಲವತ್ತಾಗಿತ್ತು. ಮದುವೆಯಾಗಿರಲಿಲ್ಲ. ಒಮ್ಮೆ ಹೆಣ್ಣು ನೋಡಲು ಹೋದವನು ಆಕೆಯ ಬೆಂಡೋಲೆಯ ಬೆಸುಗೆ ಸರಿಯಿಲ್ಲವೆಂದು ಹೇಳಿ ಎದ್ದು ಬಂದಿದ್ದ. ದಿನವಿಡೀ ಅಗ್ಗಿಷ್ಟಿಕೆಯ ಮುಂದೆ ತಲೆ ತಗ್ಗಿಸಿ ಕೂತವನ ಜೊತೆ ಯಾರು ಹರಟುತ್ತಾರೆ? ಅವನಿಗಿದ್ದ ಮಾತುಕತೆಯೆಲ್ಲ ಭಾನುವಾರ ಮಧ್ಯಾಹ್ನದ ಮೂರು ತಾಸು. ಅಂಗಡಿಯ ಮೇಲಿನ ಕೋಣೆಯಲ್ಲಿ, ಒಂದು ಹಳೆಯ ಮೇಜಿನ ಸುತ್ತ.

ಅಲ್ಲಿ ಒಂದು ಆಟ ನಡೆಯುತ್ತಿತ್ತು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಜನರಾಗುತ್ತಾರೆ. ಪ್ರತಿಯೊಬ್ಬರ ಮುಂದೆ ಒಂದು ಕಾಗದ. ಅದರಲ್ಲಿ ತಮ್ಮ ಪಾತ್ರದ ಹೆಸರು, ಜೀವದ ಅಂಕ, ಹಿಡಿದ ಆಯುಧ. ನೀವು ಈಗ ಕೋಟೆಯ ಮುಂದಿದ್ದೀರಿ, ಏನು ಮಾಡುತ್ತೀರಿ ಎಂದು ಕಥೆ ಹೇಳುವವನು ಕೇಳುತ್ತಾನೆ. ಅವರು ಹೇಳುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಮೌನೇಶ ತಾನೇ ಒಂದು ಕಥೆ ಕಟ್ಟಿದ್ದ. ಅದರ ಹೆಸರು ಏಳು ಬಾಗಿಲ ಕೋಟೆ. ಕಾರಿಗನೆಂಬ ದರೋಡೆಕಾರ ಕೋಟೆಯನ್ನು ಹಿಡಿದು ಕೂತಿದ್ದಾನೆ. ಒಂದೊಂದೇ ಬಾಗಿಲು ದಾಟಿ ಅವನನ್ನು ಹಿಡಿಯಬೇಕು. ಮೂರು ವರ್ಷದಲ್ಲಿ ಮೂರು ಬಾಗಿಲು ದಾಟಿದ್ದರು. ಅವಸರವೇನೂ ಇರಲಿಲ್ಲ.

ಆಡುವವರು ಮೂವರು. ದ್ಯಾಮಣ್ಣ ಬಸ್ ಕಂಡಕ್ಟರ್, ನಸೀಮಾ ಹೈಸ್ಕೂಲಿನ ಗಣಿತದ ಟೀಚರ್. ಇವರಿಬ್ಬರೂ ಮೌನೇಶನ ಜೊತೆ ಒಂದೇ ಬೆಂಚಿನಲ್ಲಿ ಓದಿದವರು. ಮೂರನೆಯವಳು ಶಿವಲೀಲಾ, ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ. ಎರಡು ವರ್ಷದ ಹಿಂದೆ ಸೇರಿಕೊಂಡ ಹುಡುಗಿ, ಮಾತು ಕಡಿಮೆ. ಗಿರ್ಮಿಟ್ಟು, ಮಿರ್ಚಿ, ಚಹಾ, ದಾಳದ ಸದ್ದು. ಇಷ್ಟರಲ್ಲಿ ಮೌನೇಶನಿಗೆ ಇಡೀ ವಾರಕ್ಕಾಗುವಷ್ಟು ಸುಖವಿತ್ತು.

ಸುಖವಾಗಿದ್ದವನು ಸುಮ್ಮನಿರಬೇಕಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಎಂದು ನಮ್ಮವರು ಅವನಂಥವರನ್ನು ನೋಡಿಯೇ ಹೇಳಿದ್ದಿರಬೇಕು.

ಆಟದಲ್ಲಿ ಎಂಟು ಆಯುಧಗಳಿದ್ದವು. ಗಂಡುಗೊಡಲಿ, ಖಡ್ಗ, ಈಟಿ, ಬಿಲ್ಲು, ಗದೆ, ಬಾಕು, ದೊಣ್ಣೆ, ಕವಣೆ. ಗಂಡುಗೊಡಲಿ ಹಿಡಿದವನು ಎರಡು ದಾಳ ಹಾಕಿ ಬಿದ್ದ ಅಂಕವನ್ನೆಲ್ಲ ಕೂಡಿಸಬಹುದು. ಶತ್ರುವಿನ ಜೀವದಿಂದ ಅಷ್ಟು ಹೋಯಿತು. ಕವಣೆಗೆ ಒಂದೇ ದಾಳ. ದ್ಯಾಮಣ್ಣ ಮೊದಲ ದಿನವೇ ಗಂಡುಗೊಡಲಿ ಹಿಡಿದ. ದೊಡ್ಡದು ಬಿಟ್ಟು ಸಣ್ಣದನ್ನು ಹಿಡಿಯುವುದು ಅವನ ಸ್ವಭಾವದಲ್ಲೇ ಇರಲಿಲ್ಲ. ನಸೀಮಾ ಸ್ವಲ್ಪ ದಿನ ಖಡ್ಗ ಹಿಡಿದಳು. ಆಮೇಲೆ ಕಾಗದದ ಅಂಚಿನಲ್ಲಿ ಸರಾಸರಿ ಲೆಕ್ಕ ಹಾಕಿ ಅವಳೂ ಕೊಡಲಿಗೆ ಬಂದಳು. ಯಾವ ಬಾಗಿಲಿಗೆ ಹೋದರೂ ಇಬ್ಬರು ಕೊಡಲಿಯವರು. ಕೋಟೆ ಗೆಲ್ಲಲು ಬಂದವರೋ ಮದುವೆ ಮನೆಗೆ ಕಟ್ಟಿಗೆ ಒಡೆಯಲು ಬಂದವರೋ ತಿಳಿಯುವಂತಿರಲಿಲ್ಲ.

ಶಿವಲೀಲಾ ಮಾತ್ರ ಕವಣೆ ಬಿಡಲಿಲ್ಲ. ಅವಳ ತಾಯಿ ಜೋಳದ ಹೊಲದಲ್ಲಿ ಹಕ್ಕಿ ಕಾಯುವಾಗ ಬೀಸುತ್ತಿದ್ದದ್ದು ಕವಣೆ. ಅದರ ಹುರಿಯನ್ನು ಅವಳೂ ಹೊಸೆದವಳು. ಆದರೆ ಆಟದಲ್ಲಿ ಆ ಕವಣೆಗೆ ಕಿಮ್ಮತ್ತಿರಲಿಲ್ಲ. ಅವಳ ಕಲ್ಲು ಬಿದ್ದರೆ ಕಾರಿಗನ ಭಟರು ತಿರುಗಿಯೂ ನೋಡುತ್ತಿರಲಿಲ್ಲ. ದ್ಯಾಮಣ್ಣ ನಗುತ್ತಿದ್ದ. ಒಂದು ಭಾನುವಾರ ಅವಳು ಸಣ್ಣ ದನಿಯಲ್ಲಿ ಮೌನೇಶನಿಗೆ ಹೇಳಿದಳು:

"ಅಣ್ಣಾ, ಈ ಕೋಟ್ಯಾಗ ಕವಣಿ ಬೀಸಾಕ ಜಾಗಾನ ಇಲ್ಲ."

ಮೌನೇಶ ತಲೆಯಾಡಿಸಿದ. ಅವಳು ಹೇಳಿದ್ದರಲ್ಲಿ ಅವನಿಗೆ ಕೇಳಿಸಿದ್ದು ಒಂದೇ: ಕವಣೆಯ ತೂಕ ಕಡಿಮೆ ಬಿದ್ದಿದೆ. ಅವನು ಅಕ್ಕಸಾಲಿಗ. ಗುಲಗಂಜಿಯಷ್ಟು ವ್ಯತ್ಯಾಸವಾದರೂ ಕಣ್ಣಿಗೆ ಮುಳ್ಳು ಹೊಕ್ಕಂತೆ ಒದ್ದಾಡುವವನು. ಅಂದಿನಿಂದ ಅವನ ಕೈ ಆಟದ ಮೇಲೆ ಬಿತ್ತು.

ಮುಂದಿನ ವಾರ ಗಂಡುಗೊಡಲಿಗೆ ಒಂದು ದಾಳ ಕಡಿಮೆಯಾಯಿತು. ಮೂರು ವರ್ಷ ಹೊತ್ತ ಕೊಡಲಿ ಮೊಂಡಾದದ್ದು ಕಂಡು ದ್ಯಾಮಣ್ಣನ ಮುಖ ಸಣ್ಣದಾಯಿತು. ನಸೀಮಾ ಮತ್ತೆ ಲೆಕ್ಕ ಹಾಕಿ ಖಡ್ಗವೇ ವಾಸಿಯೆಂದು ಅದಕ್ಕೆ ಹೋದಳು, ಹಿಂದೆಯೇ ದ್ಯಾಮಣ್ಣನೂ ಹೋದ. ಅದರ ಮುಂದಿನ ವಾರ ಮೌನೇಶ ಖಡ್ಗವನ್ನು ತಗ್ಗಿಸಿದ. ಇಬ್ಬರೂ ಈಟಿಗೆ ಬಂದರು. ಈಟಿ ತಗ್ಗಿತು, ಬಿಲ್ಲಿಗೆ ಹೋದರು. ಬಿಲ್ಲು ತಗ್ಗಿತು. ನಡುನಡುವೆ ಕವಣೆಗೆ ಒಂದೊಂದು ಅಂಕ ಏರುತ್ತಲೇ ಇತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ನೀರು, ನೀರಾಯಿತೆಂದು ಹುಳಿ, ಹುಳಿಯಾಯಿತೆಂದು ಬೆಲ್ಲ ಹಾಕುತ್ತ ಹೋದರೆ ಪಾತ್ರೆ ತುಂಬುತ್ತದೆ, ಊಟವಾಗುವುದಿಲ್ಲ. ಆಟಗಾರರ ಕಾಗದಗಳು ರಬ್ಬರು ತಿಕ್ಕಿ ತಿಕ್ಕಿ ತೂತು ಬಿದ್ದವು.

ಮೌನೇಶನಿಗೆ ನಿದ್ದೆ ಕಡಿಮೆಯಾಯಿತು. ಕಿವಿಯೋಲೆಗೆ ಹರಳು ಕೂರಿಸುತ್ತಿದ್ದವನು ಚಿಮಟ ಕೆಳಗಿಟ್ಟು, ದೊಣ್ಣೆಗೆ ಅರ್ಧ ಅಂಕ ಹೆಚ್ಚಿಸಿದರೆ ಹೇಗೆ ಎಂದು ಗೋಡೆಯ ಮೇಲೆ ಬರೆಯುತ್ತಿದ್ದ. ಬಚ್ಚಲಿನಲ್ಲಿ ಲೆಕ್ಕ, ಊಟದಲ್ಲಿ ಲೆಕ್ಕ. ಒಂದನ್ನು ಸರಿಮಾಡಿದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು. ಅವನಿಗೆ ನಿಜಕ್ಕೂ ಭಯವಾಗತೊಡಗಿತ್ತು. ಆಟ ಸರಿಯಾಗದಿದ್ದರೆ ಇವರು ಬೇಸತ್ತು ಬರುವುದನ್ನೇ ಬಿಟ್ಟಾರು ಎಂಬ ಭಯ. ಆ ಭಯವೇ ಅವನ ಕೈಯನ್ನು ಇನ್ನಷ್ಟು ಓಡಿಸುತ್ತಿತ್ತು. ಶಿವಲೀಲಾ ಒಮ್ಮೆ ತಡೆಯಲು ನೋಡಿದಳು. "ನಾ ಅಂಕಿ ಕೇಳಿರಲಿಲ್ಲಣ್ಣ" ಎಂದಳು. ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಕೊನೆಗೆ ಅವನಿಗೆ ಒಂದು ಉಪಾಯ ಹೊಳೆಯಿತು. ಎಲ್ಲವನ್ನೂ ಸಮ ಮಾಡಿಬಿಡುವುದು. ಎಂಟು ಆಯುಧಕ್ಕೂ ಒಂದೇ ದಾಳ, ಮೇಲೆ ಎರಡು ಅಂಕ. ಎಲ್ಲವೂ ಒಂದೇ ದೂರ ಮುಟ್ಟುತ್ತವೆ. ಯಾರೂ ಹೆಚ್ಚಲ್ಲ, ಯಾರೂ ಕಡಿಮೆಯಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಹಿತ್ತಾಳೆ ಕರಗಿಸಿ ಎಂಟು ಪುಟ್ಟ ಆಯುಧಗಳನ್ನು ಎರಕ ಹೊಯ್ದ, ಮೇಜಿನ ಮೇಲೆ ಇಡುವುದಕ್ಕೆ. ಎಂಟೂ ಒಂದೇ ತೂಕ. ಸಣ್ಣ ತಕ್ಕಡಿಯಲ್ಲಿ ಜೋಡಿ ಜೋಡಿಯಾಗಿ ಇಟ್ಟು ನೋಡಿದ, ಮುಳ್ಳು ಕದಲಲಿಲ್ಲ. ತೂಕ ಸರಿಹೋಗಲೆಂದು ಗಂಡುಗೊಡಲಿ ವೀಳ್ಯದೆಲೆಯಷ್ಟು ತೆಳ್ಳಗಾಗಿತ್ತು, ಕವಣೆ ಎಮ್ಮೆ ಕಟ್ಟುವ ಹಗ್ಗದಷ್ಟು ದಪ್ಪಗಾಗಿತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ. ಅವನು ಮುಳ್ಳನ್ನು ನೋಡುತ್ತಿದ್ದ.

ಆ ಭಾನುವಾರ ಅವನು ಹಿತ್ತಾಳೆಯ ಆಯುಧಗಳನ್ನು ಸಾಲಾಗಿ ಜೋಡಿಸಿಟ್ಟು ಕಾದ. ಮೂವರೂ ಬಂದರು. ಯಾವುದು ಬೇಕೋ ಆರಿಸಿಕೊಳ್ಳಿ, ಈಗ ಯಾವುದರಲ್ಲೂ ಮೋಸವಿಲ್ಲ ಎಂದ. ನಸೀಮಾ ಪೆನ್ಸಿಲು ತೆಗೆದಳು, ಲೆಕ್ಕ ಹಾಕಲು ಏನೂ ಇಲ್ಲವೆಂದು ಕಂಡು ಮತ್ತೆ ಪರ್ಸಿನಲ್ಲಿಟ್ಟಳು. ದ್ಯಾಮಣ್ಣ ಕಣ್ಣು ಮುಚ್ಚಿ ಕೈ ಹಾಕಿ ಸಿಕ್ಕಿದ್ದನ್ನು ಎತ್ತಿಕೊಂಡ. ಅದು ಗದೆ. ಏನದು ಎಂದು ಅವನು ನೋಡಲೂ ಇಲ್ಲ. ಶಿವಲೀಲಾ ದಪ್ಪ ಕವಣೆಯನ್ನು ಬೆರಳಿನಲ್ಲಿ ಒಮ್ಮೆ ಮುಟ್ಟಿ ಹತ್ತಿರಕ್ಕೆ ಎಳೆದುಕೊಂಡಳು.

ನಾಲ್ಕನೆಯ ಬಾಗಿಲು ನಲವತ್ತು ನಿಮಿಷದಲ್ಲಿ ಬಿತ್ತು. ದಾಳ ಹಾಕಿದರು, ಎರಡು ಕೂಡಿಸಿದರು, ಭಟರು ಬಿದ್ದರು. ಯಾರೂ ಹೆದರಲಿಲ್ಲ, ಯಾರೂ ಕೂಗಲಿಲ್ಲ, ಏನು ಮಾಡೋಣ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಗೆದ್ದಿರಿ ಎಂದ ಮೌನೇಶ. ಹೌದಾ ಎಂದರು. ಚಹಾ ಕುಡಿದು ಎದ್ದರು. ಮೆಟ್ಟಿಲಿಳಿಯುವಾಗ ದ್ಯಾಮಣ್ಣ ಹವಾಮಾನದ ಮಾತಾಡುತ್ತಿದ್ದ.

ಮುಂದಿನ ಭಾನುವಾರ ಫೋನುಗಳು ಬಂದವು. ದ್ಯಾಮಣ್ಣನಿಗೆ ಡ್ಯೂಟಿ. ನಸೀಮಾಗೆ ಪೇಪರು ತಿದ್ದುವುದಿದೆ. ಶಿವಲೀಲಾ ತಾಯಿಯ ಹೊಲಕ್ಕೆ ಹೋಗಬೇಕಂತೆ, ಜೋಳದ ಕಾಳು ಹಾಲು ತುಂಬಿದೆ, ಹಕ್ಕಿ ಕಾಯಬೇಕು. ಅದರ ಮುಂದಿನ ಭಾನುವಾರ ಫೋನೂ ಬರಲಿಲ್ಲ. ಮೌನೇಶ ನಾಲ್ಕು ಜನರ ಗಿರ್ಮಿಟ್ಟು ತರಿಸಿ, ಕಾದು, ಅದು ಮೆತ್ತಗಾದ ಮೇಲೆ ಒಬ್ಬನೇ ತಿಂದ. ಮೇಜಿನ ಮೇಲೆ ಎಂಟು ಆಯುಧಗಳು ಸಮನಾಗಿ ಹೊಳೆಯುತ್ತಿದ್ದವು. ಅವನಿಗೆ ಅಳು ಬಂದಂತಾಯಿತು. ತಪ್ಪು ಎಲ್ಲಿದೆ ಎಂದು ಎಷ್ಟು ಸಲ ತೂಗಿದರೂ ಮುಳ್ಳು ನೆಟ್ಟಗೆ ನಿಂತಿರುತ್ತಿತ್ತು.

ಮೂರನೆಯ ಭಾನುವಾರ ಕೂರಲಾಗಲಿಲ್ಲ. ಶಿವಲೀಲಾಳನ್ನೇ ಕೇಳಿಬಿಡೋಣವೆಂದು ಅವಳ ಹಳ್ಳಿಯ ಬಸ್ಸು ಹತ್ತಿದ. ಅದು ದ್ಯಾಮಣ್ಣನ ಬಸ್ಸು. ದ್ಯಾಮಣ್ಣ ಟಿಕೆಟ್ಟು ಹರಿದುಕೊಟ್ಟ, ಆರಾಮ ಇದ್ದೀಯಾ ಎಂದ, ಹಿಂದಿನ ಸೀಟುಗಳ ಕಡೆ ಹೋದ. ಆಟದ ಸುದ್ದಿ ಎತ್ತಲಿಲ್ಲ. ಪಕ್ಕದಲ್ಲಿ ಕೂತ ಮುದುಕರೊಬ್ಬರು, ಈ ಕಂಡಕ್ಟರ್ ಭಾನುವಾರ ಯಾವಾಗಲೂ ರಜೆಯಿರುತ್ತಿದ್ದ, ಈಗ ತಾನಾಗಿಯೇ ಕೇಳಿ ಡ್ಯೂಟಿ ಹಾಕಿಸಿಕೊಂಡಿದ್ದಾನಂತೆ ಎಂದು ಹೇಳಿದರು. ಮೌನೇಶ ಕಿಟಕಿಯ ಹೊರಗೆ ನೋಡುತ್ತ ಕೂತ. ದಾರಿಯುದ್ದಕ್ಕೂ ಅವನ ಬೆರಳುಗಳು ಸೀಟಿನ ಸಡಿಲವಾದ ಸ್ಕ್ರೂ ಒಂದನ್ನು ತಿರುಗಿಸುತ್ತಲೇ ಇದ್ದವು.

ಹೊಲದ ನಡುವೆ ನಾಲ್ಕು ಕಂಬದ ಮೇಲೆ ಅಟ್ಟಣಿಗೆ. ಅದರ ಮೇಲೆ ಶಿವಲೀಲಾಳ ತಾಯಿ ಗೌರವ್ವ. ಪಕ್ಕದಲ್ಲಿ ಮಗಳು ಕಲ್ಲು ಆರಿಸಿಡುತ್ತಿದ್ದಳು. ಮೌನೇಶನನ್ನು ಮೇಲೆ ಹತ್ತಿಸಿಕೊಂಡು ಕೂರಿಸಿದರು, ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ ಕೈಗೆ ಹಾಕಿದರು. ಅವನು ತಿನ್ನಲಿಲ್ಲ. ಅವನ ಕಣ್ಣು ಅಟ್ಟಣಿಗೆಯ ಮೇಲಿದ್ದ ಸಾಮಾನಿನ ಮೇಲಿತ್ತು. ಒಂದು ಕವಣೆ, ಒಂದು ತಗಡಿನ ಡಬ್ಬಿ ಮತ್ತು ಅದನ್ನು ಬಡಿಯುವ ಕೋಲು, ಒಂದು ಕುಡುಗೋಲು. ಚಟ ಬಿಡುತ್ತದೆಯೇ? ಇವುಗಳಲ್ಲಿ ಯಾವುದು ಹೆಚ್ಚಿನದು ಅವ್ವಾ ಎಂದು ಕೇಳಿಯೇಬಿಟ್ಟ.

"ಹಕ್ಕಿ ಎಲ್ಲಿ ಐತಿ?" ಎಂದಳು ಗೌರವ್ವ.

ಮುದುಕಿಗೆ ಕಿವಿ ಮಂದವೆಂದುಕೊಂಡು ಅವನು ಇನ್ನೂ ಗಟ್ಟಿಯಾಗಿ ಕೇಳಿದ. ಯಾವುದು ಹೆಚ್ಚು, ಯಾವುದು ಕಡಿಮೆ?

"ಕೇಳ್ಸೇತಪ್ಪಾ. ಹಕ್ಕಿ ಎಲ್ಲಿ ಐತಿ ಅಂತ ನೀನ ಹೇಳು ಮೊದ್ಲ."

ಅಷ್ಟರಲ್ಲಿ ಗುಬ್ಬಿಯ ಹಿಂಡೊಂದು ಅಟ್ಟಣಿಗೆಯ ಬುಡದಲ್ಲೇ ಇಳಿಯಿತು. ಮುದುಕಿ ಡಬ್ಬಿ ಬಡಿದಳು, ಹಾರಿಹೋದವು. ಕವಣೆ ಯಾಕೆ ಬೀಸಲಿಲ್ಲ ಎಂದು ಮೌನೇಶ ಕೇಳಿದ. ಇಷ್ಟು ಹತ್ತಿರ ಬೀಸಿದರೆ ಹಕ್ಕಿಗೆ ಬದಲು ತೆನೆ ಮುರಿಯುತ್ತದೆ ಎಂದಳು ಶಿವಲೀಲಾ. ಸ್ವಲ್ಪ ಹೊತ್ತಿಗೆ ಹೊಲದ ಆ ತುದಿಯ ಬೇವಿನ ಮರದಿಂದ ಗಿಳಿಗಳು ಇಳಿದವು. ಮೌನೇಶ ಅವಸರದಲ್ಲಿ ತಾನೇ ಡಬ್ಬಿ ಎತ್ತಿಕೊಂಡು ಕೈ ನೋಯುವವರೆಗೆ ಬಡಿದ. ಗಿಳಿಗಳು ತಮ್ಮ ಪಾಡಿಗೆ ತೆನೆ ಸೀಳುತ್ತಿದ್ದವು. ಗೌರವ್ವ ಎದ್ದು ನಿಂತು ಕವಣೆ ಎರಡು ಸುತ್ತು ತಿರುಗಿಸಿ ಬಿಟ್ಟಳು. ಕಲ್ಲು ಬೇವಿನ ಕೊಂಬೆಗೆ ಬಡಿದು ಗಿಳಿಗಳು ಚದುರಿದವು.

"ಹತ್ರ ಬಂದ್ರ ಡಬ್ಬಿ, ದೂರ ಇದ್ರ ಕವಣಿ" ಎಂದಳು ಮುದುಕಿ ಕೂರುತ್ತ. "ಹಕ್ಕೀನ ಇಲ್ಲದಾಗ ಕೈಯಾಗ ಹಿಡಕೊಂಡು ಕುಂತ್ರ ಎಲ್ಲಾನೂ ಒಂದ ಅದಾವು. ಹೊರಿ, ಅಷ್ಟ."

ಮೌನೇಶ ಮರುದಿನ ಅಂಗಡಿ ತೆರೆದಾಗ ಮೊದಲ ಗಿರಾಕಿಯಾಗಿ ಬಂದ ಹೆಂಗಸು ಎರಡು ಹಳೆಯ ಬಿಲ್ವಾರದ ಬಳೆ ತಂದಳು. ಯಾವುದು ಒಳ್ಳೆಯ ಬಂಗಾರವೆಂದು ನೋಡಿ ಹೇಳಬೇಕು. ತಕ್ಕಡಿಯಲ್ಲಿ ಎರಡೂ ಒಂದೇ ತೂಕ ಬಂದವು. ಅವನ ಕೈ ಅಭ್ಯಾಸದಂತೆ ಒರೆಗಲ್ಲಿನ ಕಡೆ ಹೋಯಿತು, ಎರಡನ್ನೂ ತಿಕ್ಕಿತು. ಒಂದರ ಗೆರೆ ಹಳದಿ, ಇನ್ನೊಂದರದ್ದು ತಾಮ್ರ ಬೆರೆತು ಕೆಂಪಗೆ. ಆ ಕಲ್ಲನ್ನು ಕೈಯಲ್ಲಿ ಹಿಡಿದವನು ಹಾಗೆಯೇ ಕೂತುಬಿಟ್ಟ. ಹೆಂಗಸು ಎರಡು ಸಲ ಕರೆದಳು.

ಎಷ್ಟಿದೆ ಎಂದು ತಕ್ಕಡಿ ಹೇಳುತ್ತದೆ, ಎಂಥದ್ದು ಎಂದು ಹೇಳುವುದು ಒರೆಗಲ್ಲು. ಇಪ್ಪತ್ತು ವರ್ಷ ಇವೆರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬದುಕಿದವನು, ಆಟಕ್ಕೆ ಮಾತ್ರ ತಕ್ಕಡಿಯೊಂದನ್ನೇ ಒಯ್ದಿದ್ದ. ಆಯುಧಕ್ಕೆ ಒರೆಗಲ್ಲು ಕೋಟೆ. ಅವನ ಕೋಟೆಯೋ, ನಾಲ್ಕೂ ಬಾಗಿಲ ಹಿಂದೆ ಒಂದೇ ಥರದ ಬಯಲು ಅಂಗಳ. ಭಟರು ಎದುರಿಗೆ ಬಂದು ನಿಲ್ಲುತ್ತಿದ್ದರು, ಇವರು ಹೊಡೆಯುತ್ತಿದ್ದರು. ಅಲ್ಲಿ ದೊಡ್ಡ ಅಂಕ ಗೆಲ್ಲದೆ ಇನ್ನೇನು ಗೆದ್ದೀತು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ. ಇಲ್ಲಿ ನಿಜವಾಗಿಯೂ ತಪ್ಪು ನೆಲದ್ದೇ, ಡೊಂಕಿರಬೇಕಾದ ಕಡೆ ಅದು ತೀರ ಸಪಾಟಾಗಿತ್ತು. ತಪ್ಪು ಕೋಟೆಯದು, ಏಟು ತಿಂದದ್ದು ಕೊಡಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರ ಸಾಲಿಗೆ ಮೌನೇಶ ಸೇರಿಹೋಗಿದ್ದ.

ಅವನು ಆ ವಾರವಿಡೀ ಕೋಟೆಯನ್ನು ತಿದ್ದಿದ. ಆಯುಧಗಳ ಅಂಕಗಳನ್ನು ಮೊದಲು ಹೇಗಿದ್ದವೋ ಹಾಗೇ ಬರೆದಿಟ್ಟ. ಎಂಟು ಹಿತ್ತಾಳೆಯ ಆಯುಧಗಳನ್ನು ಮೂಸೆಗೆ ಹಾಕಿ ಕರಗಿಸಿದ. ನಕ್ಷೆ ಗಾಳಿಗೆ ಹಾರದಂತೆ ಅದರ ಮೇಲಿಡಲು ಒಂದು ಗುಂಡು ಮಾಡಿದ, ಅದನ್ನು ತೂಗಲಿಲ್ಲ. ಶನಿವಾರ ಬಸ್ ಸ್ಟ್ಯಾಂಡಿಗೆ ಹೋಗಿ ದ್ಯಾಮಣ್ಣನನ್ನು ಹಿಡಿದ. ನಿನ್ನ ಕೊಡಲಿ ಮೊದಲಿನಂತೆಯೇ ಇದೆ, ಒಂದು ಸಲ ಬಾ ಎಂದ.

"ಬಂದ್ರ ಏನಾತು? ಮುಂದಿನ ವಾರ ಮತ್ತ ಮೊಂಡ ಮಾಡ್ತಿ" ಎಂದ ದ್ಯಾಮಣ್ಣ.

"ಇಲ್ಲ. ಇನ್ನ ಆಯುಧ ಮುಟ್ಟಂಗಿಲ್ಲ. ಬಿದ್ದ ದಾಳ ಬಿದ್ದಂಗ ಇರ್ತೈತಿ. ಆಣಿ."

ನಸೀಮಾಗೂ ಶಿವಲೀಲಾಗೂ ಅದೇ ಮಾತು ಹೇಳಿದ. ಒಂದೇ ಒಂದು ಭಾನುವಾರ ಕೇಳುತ್ತಿದ್ದೇನೆ, ಹಿಡಿಸದಿದ್ದರೆ ಮತ್ತೆ ಕರೆಯುವುದಿಲ್ಲ ಎಂದ. ಅವರು ಬಂದರು. ಹಳೆಯ ಗೆಳೆತನದ ದಾಕ್ಷಿಣ್ಯಕ್ಕೆ ಬಂದರೆಂದೇ ಹೇಳಬೇಕು.

ಮೌನೇಶ ಐದನೆಯ ಬಾಗಿಲಿನ ನಕ್ಷೆ ಹರಡಿದ. ಮೊದಲು ದಪ್ಪ ಹಲಗೆಯ ಬಾಗಿಲು. ಅದರ ಹಿಂದೆ ಸುರುಳಿ ಮೆಟ್ಟಿಲು, ಒಬ್ಬರೇ ಹತ್ತುವಷ್ಟು ಇಕ್ಕಟ್ಟು. ಅದು ಒಂದು ಗೋಪುರದ ನೆತ್ತಿಗೆ ಹೋಗುತ್ತದೆ. ಅದರಾಚೆ ಅಗಲವಾದ ಕೋಟೆಬಾವಿ. ಬಾವಿಯ ಆಚೆ ಇನ್ನೊಂದು ಗೋಪುರ, ಅದರ ಮೇಲೆ ನಗಾರಿ. ನಗಾರಿ ಸದ್ದಾದರೆ ಕಾರಿಗನ ನೂರು ಜನ ಏಳುತ್ತಾರೆ. ಒಬ್ಬರಿಗೆ ಒಂದೇ ಆಯುಧ. ಆರಿಸಿಕೊಳ್ಳಿ ಎಂದ.

ಅರ್ಧ ತಾಸು ಆಯುಧ ಆರಿಸುವುದಕ್ಕೇ ಹೋಯಿತು. ಕೊಡಲಿ ಇಲ್ಲದೆ ಬಾಗಿಲು ಒಡೆಯುವುದು ಹೇಗೆ ಎಂದ ದ್ಯಾಮಣ್ಣ. ಆ ಮೆಟ್ಟಿಲಲ್ಲಿ ಕೊಡಲಿ ಬೀಸಿದರೆ ನನ್ನ ತಲೆಯೇ ಹೋಗುತ್ತದೆ ಎಂದಳು ನಸೀಮಾ. ಬಿಲ್ಲು ತರೋಣವೇ, ಬಿಲ್ಲನ್ನು ಆ ಮೆಟ್ಟಿಲಲ್ಲಿ ಏರಿಸುವುದು ಹೇಗೆ, ಕವಣೆಯಾದರೆ ಸೊಂಟಕ್ಕೆ ಸುತ್ತಿಕೊಂಡು ಹೋಗಬಹುದು. ದನಿಗಳು ಏರಿದವು. ನಸೀಮಾ ಪೆನ್ಸಿಲಿನಲ್ಲಿ ಮೂರು ಸಲ ಲೆಕ್ಕ ಹಾಕಿ ಮೂರು ಸಲ ಹೊಡೆದುಹಾಕಿದಳು. ಇದರ ಲೆಕ್ಕ ಸಿಗುತ್ತಿಲ್ಲ ಎಂದಳು, ಹೇಳುವಾಗ ನಗುತ್ತಿದ್ದಳು. ಯಾವ ಸರಾಸರಿಯಲ್ಲೂ ಮೇಲೆ ಬಾರದ ಬಾಕನ್ನು ಅವಳು ತೆಗೆದುಕೊಂಡಳು.

ಬಾಗಿಲಿಗೆ ದ್ಯಾಮಣ್ಣ ಎರಡು ದಾಳ ಹಾಕಿದ. ಹನ್ನೊಂದು. ಹಲಗೆ ಚೂರುಚೂರಾಯಿತು. ಅವನು ಎದ್ದು ನಿಂತು ಕೆಳಗಿನ ಅಂಗಡಿಗಳಿಗೆ ಕೇಳುವಂತೆ ಗುಡುಗಿದ. ಮೆಟ್ಟಿಲಲ್ಲಿ ಅದೇ ಕೊಡಲಿ ಗೋಡೆಗೆ ಸಿಕ್ಕಿಕೊಂಡಿತು. ಮೇಲಿನಿಂದ ಇಬ್ಬರು ಭಟರು ಇಳಿಯುತ್ತಿದ್ದರು. ನಸೀಮಾ ಅವನ ಕಂಕುಳ ಕೆಳಗೆ ನುಸುಳಿ ಬಾಕು ಹಿಡಿದು ಮುಂದೆ ಹೋದಳು. ಮೈಗೆ ಗಾಯ, ಜೀವದಲ್ಲಿ ಎರಡೇ ಅಂಕ ಉಳಿದವು, ಆದರೆ ದಾರಿ ತೆರೆಯಿತು. ಮೇಲೆ ಬಂದಾಗ ಬಾವಿಯಾಚೆ ನಗಾರಿಯವನು ಕೋಲು ಎತ್ತುತ್ತಿದ್ದ. ದ್ಯಾಮಣ್ಣ ತನ್ನ ಕಾಗದ ನೋಡಿದ, ನಕ್ಷೆಯ ಮೇಲಿನ ಬಾವಿಯನ್ನು ನೋಡಿದ, ಕುರ್ಚಿಯಲ್ಲಿ ಕುಸಿದ. ಅವನ ಕೊಡಲಿ ಅಷ್ಟು ದೂರಕ್ಕೆ ಏನೂ ಅಲ್ಲ.

ಶಿವಲೀಲಾ ಎದ್ದು ನಿಂತಿದ್ದಳು.

"ಹಕ್ಕಿ ಅಲ್ಲಿ ಐತಿ" ಎಂದಳು.

ಐದು ಅಥವಾ ಆರು ಬೀಳಬೇಕು ಎಂದ ಮೌನೇಶ. ಒಂದೇ ಕಲ್ಲು, ಒಂದೇ ಸಲ. ಅವಳು ದಾಳವನ್ನು ಮುಷ್ಟಿಯಲ್ಲಿ ಹಿಡಿದು ಕವಣೆಯಂತೆಯೇ ಎರಡು ಸುತ್ತು ತಿರುಗಿಸಿದಳು. ದ್ಯಾಮಣ್ಣ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಎರಡು ವರ್ಷ ಕವಣೆಯನ್ನು ನೋಡಿ ನಕ್ಕವನು ಈಗ ಉಸಿರು ಬಿಗಿಹಿಡಿದಿದ್ದ. ದಾಳ ಬಿತ್ತು, ಉರುಳಿತು, ಹಿತ್ತಾಳೆಯ ಗುಂಡಿಗೆ ತಾಗಿ ನಿಂತಿತು.

ಮೂರು.

ಎಲ್ಲರೂ ಮೌನೇಶನ ಮುಖ ನೋಡಿದರು. ಕಥೆ ಹೇಳುವವನು ಅವನು. ಗಾಳಿ ನಿನ್ನ ಕಡೆಗೆ ಬೀಸಿತು, ಕಲ್ಲು ತಗುಲಿತು ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅವನ ಬೆರಳುಗಳು ಕಡಿಯುತ್ತಿದ್ದವು. ಈ ಹುಡುಗಿಯ ಕವಣೆಗೆ ಮೊದಲ ಸಲ ಹೊತ್ತು ಬಂದಿದೆ, ಸೋತರೆ ಇನ್ನು ಇವಳು ಬಂದಾಳೆಯೇ? ಇವರಲ್ಲಿ ಯಾರಾದರೂ ಬಂದಾರೆಯೇ? ಮೆತ್ತಗಾದ ಗಿರ್ಮಿಟ್ಟಿನ ಆ ಭಾನುವಾರ ಅವನ ಕಣ್ಣ ಮುಂದೆ ಬಂತು. ಒಂದೇ ಒಂದು ಸಲ ಸರಿಪಡಿಸಿಬಿಡಲೇ?

ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ.

"ಮೂರು" ಎಂದ. "ಕಲ್ಲು ಕಟ್ಟೆಗೆ ಬಡದು ಬಾವಿಗೆ ಬಿತ್ತು. ನಗಾರಿ ಸದ್ದಾತು."

ಆಮೇಲೆ ನಡೆದದ್ದು ಓಟ. ನೂರು ಜನ ಬೆನ್ನು ಹತ್ತಿದರು. ದ್ಯಾಮಣ್ಣ ಹೊರಗೆ ಬಂದು ಬಾಗಿಲು ಮುಚ್ಚಲು ಹೋದರೆ ಬಾಗಿಲೇ ಇರಲಿಲ್ಲ, ಹನ್ನೊಂದು ಹಾಕಿ ತಾನೇ ಚೂರು ಮಾಡಿದ್ದ. ಮೂವರೂ ಮೈಯೆಲ್ಲ ಗಾಯವಾಗಿ ಹೇಗೋ ಕಾಡು ಸೇರಿದರು. ಐದನೆಯ ಬಾಗಿಲು ಕೈತಪ್ಪಿತು. ಅಂದಿನ ಆಟ ಸೋಲು.

ನಲವತ್ತು ನಿಮಿಷದಲ್ಲಿ ಗೆದ್ದು ಎದ್ದು ಹೋಗಿದ್ದ ಈ ಮೂವರು, ಸೋತ ದಿನ ಏಳಲೇ ಇಲ್ಲ. ಬಾಗಿಲು ಒಡೆಯುವ ಬದಲು ಅಗುಳಿ ಎತ್ತಬೇಕಿತ್ತು ಎಂದು ನಸೀಮಾ, ಎತ್ತುವವರು ಯಾರು, ನಿನ್ನ ಬಾಕೇ ಎಂದು ದ್ಯಾಮಣ್ಣ. ಬೀದಿಯ ದೀಪ ಹತ್ತಿತು, ಚಹಾ ಎರಡನೆಯ ಸಲ ಬಂತು, ಜಗಳ ಮುಗಿಯಲಿಲ್ಲ. ಭಾನುವಾರದ ಡ್ಯೂಟಿಯನ್ನು ನಾಳೆಯೇ ಬದಲಿಸಿಕೊಳ್ಳಬೇಕು ಎಂದು ದ್ಯಾಮಣ್ಣ ನಡುವೆ ತನಗೆ ತಾನೇ ಎಂಬಂತೆ ಹೇಳಿಕೊಂಡ. ಮೌನೇಶ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿ ಕಣ್ಣೊರೆಸಿಕೊಂಡ.

ಶಿವಲೀಲಾ ಮಾತ್ರ ಸುಮ್ಮನೆ ದಾಳವನ್ನೇ ನೋಡುತ್ತಿದ್ದಳು. ಮೌನೇಶನಿಗೆ ತಡೆಯಲಾಗಲಿಲ್ಲ. ಹಳೆಯ ಚಟ, ಆಣೆ ಇಟ್ಟಷ್ಟು ಸುಲಭವಾಗಿ ಹೋಗುತ್ತದೆಯೇ? ರಬ್ಬರು ಕೈಗೆತ್ತಿಕೊಂಡು, ಕವಣೆಗೆ ಒಂದೇ ಒಂದು ಅಂಕ ಹೆಚ್ಚಿಸಲೇ ತಂಗಿ ಎಂದು ಪಿಸುದನಿಯಲ್ಲಿ ಕೇಳಿದ.

ಅವಳು ತನ್ನ ಕಾಗದವನ್ನು ಸರಕ್ಕನೆ ಎದೆಗೆ ಒತ್ತಿಕೊಂಡಳು.

"ಮುಟ್ಟಬ್ಯಾಡಣ್ಣ. ಜಾಗ ಕೊಟ್ಟೀ, ಸಾಕು. ತಪ್ಪಿದ ಕಲ್ಲು ನಂದು. ಮುಂದಿನ ವಾರ ನಾನ ಹೊಡೀತೀನಿ."

ನೀತಿ: ಎಲ್ಲರನ್ನೂ ಒಂದೇ ತೂಕಕ್ಕೆ ಇಳಿಸಿದರೆ ಸಮಾನತೆ ಬರುವುದಿಲ್ಲ, ಬೇಸರ ಬರುತ್ತದೆ. ಒಬ್ಬೊಬ್ಬರಿಗೂ ತಮ್ಮ ಹೊತ್ತು ಬರುವಂಥ ಜಾಗ ಮಾಡಿಕೊಡಿ. ಮಾಡಿಕೊಟ್ಟ ಮೇಲೆ ಕೈ ಕಟ್ಟಿ ಕೂರಿ, ಗೆಲುವೂ ಸೋಲೂ ಅವರದೇ ಆಗಲಿ. ಇದನ್ನು ಹತ್ತು ಜನರಿಗೆ ಕಳಿಸಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಫೋಟೊ ಸರಿಸುತ್ತ ನಿಂತವರು ಒಬ್ಬರಿದ್ದಾರಲ್ಲ, ಅವರಿಗೆ ಓದಿ ಹೇಳಿದರೆ ಸಾಕು.